ಬೆಟ್ಟಕ್ಕೆ ಸ್ಪೀಕರ್ ಹೊತ್ತು ಬರಬೇಡಿ

ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಬೇಸಿಗೆ ಶುರುವಾಗುತ್ತಿದ್ದಂತೆ ನಾನು ಎಲ್ಲಿಗೆ ಹೋಗುತ್ತೇನೆಂಬುದು ನಿಮಗೆಲ್ಲ ಗೊತ್ತೇ ಇದೆ. ‘ಹೂಮಳೆ ಬಿತ್ತು’ ಎಂದು ಮೂಡಿಗೆರೆಯಿಂದ ಚಿಕ್ಕಮ್ಮ ಫೋನ್ ಮಾಡಿದರೆ ಸಾಕು, ಒಂದು ವಾರ ಬಿಟ್ಟು ಬಸ್ಸು ಹತ್ತುತ್ತೇನೆ. ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಅರಳಿದ ಮೇಲೆ ಎರಡು-ಮೂರು ದಿನದ ಸಂಭ್ರಮ, ಅಷ್ಟೇ.

ನಿನ್ನೆ ಬೆಳಿಗ್ಗೆ ಬೆಟ್ಟದ ಕಡೆ ಹೋಗುವ ಹಳೆಯ ಗಾಡಿ ದಾರಿಯಲ್ಲಿ ಒಬ್ಬಳೇ ನಡೆಯುತ್ತಿದ್ದೆ. ಎರಡೂ ಕಡೆ ರೋಬಸ್ಟಾ ಕಾಫಿ. ಗೆಣ್ಣು ಗೆಣ್ಣಿಗೂ ಬಿಳಿ ಹೂವಿನ ಗೊಂಚಲು, ಮಲ್ಲಿಗೆಯನ್ನು ನೆನಪಿಸುವ ಘಮ. ಬಿಸಿಲು ತಾಗಿದ ಗಿಡಗಳಲ್ಲಿ ಮಾತ್ರ ಜೇನು ಕೂತಿತ್ತು, ನೆರಳಿನ ಗಿಡಗಳು ಇನ್ನೂ ಸುಮ್ಮನಿದ್ದವು. ಬಿಸಿಲು ಒಂದೊಂದೇ ಸಾಲು ದಾಟಿದಂತೆ ಗುಂಯ್‌ಗುಡುವ ಸದ್ದೂ ಸಾಲಿನಿಂದ ಸಾಲಿಗೆ ದಾಟುತ್ತಿತ್ತು. ಕಾಫಿಯ ಇನ್ನೊಂದು ಜಾತಿ ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ವರ್ಷದ ಫಸಲು ನಿಂತಿರುವುದು ಗಾಳಿಯ ಮೇಲೆ, ಈ ಸದ್ದಿನ ಮೇಲೆ. ಉಸಿರು ಬಿಗಿಹಿಡಿದು ಕೇಳುತ್ತಾ ನಿಂತಿದ್ದೆ.

ಅಷ್ಟರಲ್ಲಿ ತಿರುವಿನಾಚೆಯಿಂದ ಢಂ ಢಂ ಎಂಬ ಬಡಿತ. ಐದಾರು ಹುಡುಗರು, ಒಬ್ಬನ ಬೆನ್ನುಚೀಲಕ್ಕೆ ನೇತುಬಿದ್ದ ಚೊಂಬಿನಷ್ಟು ದೊಡ್ಡ ಸ್ಪೀಕರ್. ‘ಸ್ವಲ್ಪ ಹೊತ್ತು ನಿಲ್ಲಿಸುತ್ತೀರಾ?’ ಎಂದು ಕೇಳಿದೆ. ‘ಯಾಕೆ ಆಂಟಿ, ಬೆಟ್ಟ ನಿಮ್ಮದಾ?’ ಎಂದ ಒಬ್ಬ. ಉಳಿದವರು ನಕ್ಕರು. ಅವರು ಕಣ್ಮರೆಯಾದ ಮೇಲೂ ಎಷ್ಟೋ ಹೊತ್ತು ಆ ಬಡಿತ ಕಣಿವೆಯಲ್ಲಿ ತಿರುಗುತ್ತಲೇ ಇತ್ತು. ಮನೆಗೆ ಬಂದು ಹೇಳಿದರೆ ಚಿಕ್ಕಮ್ಮ, ‘ನಾವು ಹೇಳಿ ಹೇಳಿ ಸೋತಿದ್ದೇವೆ ಮಾರಾಯ್ತಿ’ ಎಂದು ಮತ್ತೆ ಅಕ್ಕಿ ಆರಿಸತೊಡಗಿದರು.

ಬೆಟ್ಟ ನನ್ನದಲ್ಲ, ನಿಜ. ಅವರದೂ ಅಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯವಿರಬಹುದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಬೆಟ್ಟದ ದಾರಿಗೂ ಅಂಥದ್ದೊಂದು ಬೇಕು ಎಂದು ನಮಗೆ ಯಾಕೆ ಅನ್ನಿಸುವುದಿಲ್ಲ? 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಚಾರಣವನ್ನು ಕೆಲಕಾಲ ತಡೆದು, ಆನ್‌ಲೈನ್ ಬುಕಿಂಗ್ ತಂದರು. ಒಳ್ಳೆಯದೇ ಆಯಿತು. ಆದರೆ ತಲೆ ಎಣಿಸಿದರೆ ಸಾಲದು. ಹತ್ತು ಜನ ಮೆಲ್ಲಗೆ ಮಾತಾಡುತ್ತಾ ಹೋದರೆ ದಾರಿಗೆ ಏನೂ ಆಗುವುದಿಲ್ಲ, ಒಂದೇ ಒಂದು ಸ್ಪೀಕರ್ ಇಡೀ ಕಣಿವೆಯನ್ನು ನುಂಗುತ್ತದೆ.

‘ಸದ್ದು ಮಾಡಿದರೆ ಆನೆ ಹತ್ತಿರ ಬರುವುದಿಲ್ಲ’ ಎಂದು ಕೆಲವರು ವಾದಿಸುತ್ತಾರೆ. ಮೂಡಿಗೆರೆಯಲ್ಲಿ ಆನೆಯ ಭಯ ಸುಳ್ಳಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಇಲ್ಲಿನ ತೋಟದ ಕೆಲಸದವರು ಕಿವಿಯಿಂದಲೇ ಬದುಕುವವರು. ಎಲ್ಲೋ ಆನೆಗೆ ಇಷ್ಟವಾದ ಬೈನೆ ಮರ ಲಟಕ್ಕೆಂದು ಮುರಿದರೆ ಅಲ್ಲೇ ನಿಂತು, ಸದ್ದು ಯಾವ ದಿಕ್ಕಿನದೆಂದು ಕೇಳಿಕೊಂಡು ಹಿಂದಿರುಗುತ್ತಾರೆ. ಹಾಡು ಹಾಕಿಕೊಂಡು ಹೋಗುವವನಿಗೆ ಆ ಲಟಕ್ ಕೇಳಿಸುವುದಾದರೂ ಹೇಗೆ?

ಪ್ರತಿವರ್ಷ ನಿಮ್ಮಲ್ಲಿ ಹಲವರು ಕೇಳುತ್ತೀರಿ, ಜನ ಕಡಿಮೆ ಇರುವ ದಾರಿ ಯಾವುದು ಎಂದು. ಗುಟ್ಟೇನಿಲ್ಲ. ಭಾನುವಾರ ಬಿಡಿ, ಮಂಗಳವಾರ ಬನ್ನಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ತುದಿಯ ಹತ್ತಿರದವರೆಗೂ ಕಾರು ಹೋಗುತ್ತದೆ, ಆದ್ದರಿಂದಲೇ ಅಲ್ಲಿ ಆ ಗದ್ದಲ. ಕೆಳಗಿನಿಂದ ಸರ್ಪದಾರಿ ಹಿಡಿದು ಹತ್ತುವವರು ಕಡಿಮೆ. ಕೆಮ್ಮಣ್ಣುಗುಂಡಿಯಲ್ಲಿ ರಾತ್ರಿ ಉಳಿದು, ಕೆಳಗಿನ ವಾಹನಗಳು ಬರುವ ಮೊದಲೇ ಝಡ್ ಪಾಯಿಂಟ್‌ಗೆ ನಡೆಯಿರಿ. ಈ ತಿಂಗಳುಗಳಲ್ಲಿ ಹುಲ್ಲು ಒಣಗಿರುತ್ತದೆ, ಒಂದು ಕಿಡಿಗೆ ಇಡೀ ಗುಡ್ಡ ಹೊತ್ತಿಕೊಳ್ಳುತ್ತದೆ. ಅರಣ್ಯ ಇಲಾಖೆ ದಾರಿ ಮುಚ್ಚಿದ್ದರೆ ಜಗಳವಾಡದೆ ಹಿಂದಿರುಗಿ. ಮುಚ್ಚದ ತೋಟದ ದಾರಿಗಳು ಬೇಕಾದಷ್ಟಿವೆ, ಅಲ್ಲಿಯವರನ್ನು ಕೇಳಿ ನಡೆದರಾಯಿತು.

ಆದರೆ ಲೊಕೇಶನ್ ಮಾತ್ರ ಕಳಿಸುವುದಿಲ್ಲ. ಹಲವರಿಗೆ ಬೇಸರವಾಗಿದೆ, ಕಾರಣ ಇವತ್ತು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ಜಾಲತಾಣದ ಗೋಡೆಯ ಮೇಲೆ ಒಂದು ಹಳ್ಳದ ಚಿತ್ರ ಹಾಕಿದ್ದೆ. ಕಲ್ಲಿನ ಮೇಲೆ ಪಾಚಿ, ಮೊಣಕಾಲುದ್ದದ ತಿಳಿನೀರು. ಎಲ್ಲಿ ತಿರುಗಬೇಕು, ಯಾರ ತೋಟದ ಪಕ್ಕ ಇಳಿಯಬೇಕು ಎಂದೆಲ್ಲ ವಿವರವಾಗಿ ಬರೆದಿದ್ದೆ. ನೂರಾರು ಜನ ಹಂಚಿಕೊಂಡಾಗ ಹಿಗ್ಗಿದ್ದೆ. ಎರಡು ಬೇಸಿಗೆ ಕಳೆದು ಹೋದಾಗ ಕಲ್ಲಿನ ಸಂದಿಯಲ್ಲಿ ಒಡೆದ ಬಾಟಲಿಗಳು, ದಡದ ಮೇಲೆ ಬೆಂಕಿ ಹಾಕಿದ ಕರಿ ಗುರುತು. ಮೊನ್ನೆ ಹೋದರೆ ತೋಟದವರು ಕಬ್ಬಿಣದ ಗೇಟು ಹಾಕಿ ಬೀಗ ಜಡಿದಿದ್ದಾರೆ. ಮೂರು ತಲೆಮಾರಿನಿಂದ ಊರವರೆಲ್ಲ ಓಡಾಡಿದ ದಾರಿ ಅದು. ನನ್ನ ಅಮ್ಮ ಶಾಲೆಗೆ ಹೋಗುತ್ತಿದ್ದ ದಾರಿ. ಆ ಬೀಗ ಬಿದ್ದದ್ದು ನನ್ನಿಂದ. ತೋಟದ ಯಜಮಾನರ ಎದುರು ನಿಂತು ತಪ್ಪಾಯಿತು ಎಂದೆ. ಅವರು ಬೈಯಲಿಲ್ಲ, ‘ರಾತ್ರಿಯೆಲ್ಲ ಹಾಡು ಹಾಕುತ್ತಿದ್ದರಮ್ಮ, ಮನೆಯಲ್ಲಿ ಮಗು ಮಲಗುತ್ತಿರಲಿಲ್ಲ’ ಎಂದರು ಅಷ್ಟೇ. ಬೈದಿದ್ದರೆ ಮನಸ್ಸು ಇಷ್ಟು ಭಾರವಾಗುತ್ತಿರಲಿಲ್ಲ.

ಬರುವವರು ಬನ್ನಿ, ಮುಂದಿನ ವರ್ಷ ಹೂವಿನ ಹೊತ್ತಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಚಿಕ್ಕಮ್ಮನ ಮನೆಯಲ್ಲಿ ಕಡುಬು ತಿಂದು ಹೊರಡೋಣ. ಸ್ಪೀಕರ್ ಊರಲ್ಲೇ ಇರಲಿ.

ನಾಳೆಗೆ ಈ ಹೂವೆಲ್ಲ ಕಂದುತ್ತದೆ ಎನ್ನುತ್ತಿದ್ದಾರೆ ಚಿಕ್ಕಮ್ಮ. ಮೇಲಿನ ತಾಕಿನಲ್ಲಿ ಒಂದಷ್ಟು ಗಿಡ ತಡವಾಗಿ ಅರಳಿವೆಯಂತೆ. ಬಿಸಿಲು ಅಲ್ಲಿಗೆ ತಲುಪುವ ಮೊದಲು ನಾನು ತಲುಪಬೇಕು.