ಟ್ರೇಲರ್ ಹೊಂಗೆ ಮರದ ಕೆಳಗಿದೆ

ನಂದಿಬೆಟ್ಟದ ತಪ್ಪಲಿನಲ್ಲಿರುವ ನನ್ನ ಸೋದರತ್ತೆಯ ಊರು ಪ್ರತಿ ಭಾನುವಾರ ಬೆಳಗ್ಗೆ ಆರೂವರೆಯಿಂದ ಹತ್ತು ಗಂಟೆಯವರೆಗೆ ಪರದೇಶವಾಗಿರುತ್ತದೆ. ಬೆಂಗಳೂರಿನಿಂದ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಬರುವ ಮಹನೀಯರು ಅರಳಿಕಟ್ಟೆಯ ಪಕ್ಕದಲ್ಲಿ ಕಾರು ನಿಲ್ಲಿಸುತ್ತಾರೆ. ಸೈಕಲ್ಲಿಗೆ ಚಕ್ರ, ತಲೆಗೆ ಹೆಲ್ಮೆಟ್, ಮೊಣಕಾಲಿಗೆ ಕವಚ, ಬೆನ್ನಿಗೆ ಕೊಳವೆಯಿಂದ ಹೀರುವ ನೀರಿನ ಚೀಲ, ಎಲ್ಲವನ್ನೂ ಜೋಡಿಸಿಕೊಂಡ ಮೇಲೆ ರಾಗಿ ಹೊಲಗಳ ನಡುವೆ ಮಾಯವಾಗುತ್ತಾರೆ. ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯಲು ಅರುವತ್ತು ಕಿಲೋಮೀಟರ್ ಡೀಸೆಲ್ ಸುಟ್ಟು ಬರುವ ಈ ಪರಿಸರಪ್ರೇಮವನ್ನು ನಾನು ತುಂಬು ಹೃದಯದಿಂದ ಗೌರವಿಸುತ್ತೇನೆ.

ಮೊದಲ ಸಲ ಬಂದವನೊಬ್ಬ ಅತ್ತೆಯನ್ನು ಕಂಡು, ಇಲ್ಲಿ ಟ್ರೇಲ್ ಎಲ್ಲಿದೆ ಎಂದು ವಿನಯದಿಂದಲೇ ಕೇಳಿದನಂತೆ. "ಟ್ರೇಲರ್ ಅಗೋ, ಆ ಹೊಂಗೆ ಮರದ ಕೆಳಗೆ ನಿಂತೈತೆ ಕಣಪ್ಪ. ಟ್ರ್ಯಾಕ್ಟರ್ ಮಾತ್ರ ರಿಪೇರಿಗೆ ಹೋಗೈತೆ, ಬಾಡಿಗೆಗೆ ಬೇಕಾಗಿತ್ತಾ?" ಎಂದು ಅತ್ತೆ ಮರುಪ್ರಶ್ನೆ ಹಾಕಿದರು. ಅವನು ಮೊಬೈಲ್ ತೆರೆದು, ಅದರೊಳಗೆ ಹಾವಿನಂತೆ ಹೊರಳಿದ್ದ ಕೆಂಪು ಗೆರೆಯೊಂದನ್ನು ತೋರಿಸಿದನು. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಕೆರೆ ಕೋಡಿಯನ್ನೂ ಮುನೇಶ್ವರನ ಗುಡಿಯನ್ನೂ ನೀಲಗಿರಿ ತೋಪನ್ನೂ ಗುರುತಿಸಿ, ಕಡೆಗೆ ನಿರಾಶೆಯಿಂದ ಹೇಳಿದರು: "ಇದು ನಮ್ಮ ಹೊಲಕ್ಕೆ ಹೋಗೋ ಬಂಡಿದಾರಿ ಅಲ್ವೇನಪ್ಪ!"

ಅಲ್ಲ ಅತ್ತೆ, ಈಗ ಅದು ಬಂಡಿದಾರಿಯಲ್ಲ, ಸೈಕಲ್ ಸವಾರರ ಟ್ರೇಲ್. ಅದಕ್ಕೊಂದು ಇಂಗ್ಲಿಷ್ ಹೆಸರು ಬಂದಿದೆ, ಏರಿಳಿತದ ಲೆಕ್ಕ ಬಂದಿದೆ, ಕೆರೆ ಏರಿಯಿಂದ ಗುಡಿಯವರೆಗೆ ಯಾರು ಎಷ್ಟು ಸೆಕೆಂಡಿನಲ್ಲಿ ತುಳಿದರೆಂಬ ಪಟ್ಟಿ ಸವಾರಿಯ ಲೆಕ್ಕವಿಡುವ ಸ್ಟ್ರಾವಾ ಎಂಬ ಮೊಬೈಲ್ ಆ್ಯಪ್‌ನಲ್ಲಿ ಬಂದಿದೆ. ಅರುವತ್ತು ವರ್ಷ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಅದೇ ದಾರಿಯಲ್ಲಿ ನಡೆದ ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ನೀವು ಸಮಯ ಬರೆದಿಟ್ಟುಕೊಳ್ಳದಿದ್ದುದೇ ಕಾರಣ.

ಮೌಂಟನ್ ಬೈಕಿಂಗ್ ಎಂಬ ಈ ಸವಾರಿಯ ಮೂಲ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿದೆ. ಅಲ್ಲಿನ ತರುಣರು 1970ರ ದಶಕದಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿ, ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಬಿಟ್ಟುಕೊಂಡು ಬರುತ್ತಿದ್ದರು. ಒಂದು ಇಳಿತ ಮುಗಿಯುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕ್ ಕಾದು ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಗ್ರೀಸು ತುಂಬಬೇಕಾಗಿದ್ದರಿಂದ 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ ರೀಪ್ಯಾಕ್ ಎಂಬ ಹೆಸರೇ ಬಂದಿತು. ಇಪ್ಪತ್ತು ವರ್ಷಗಳ ನಂತರ, 1996ರಲ್ಲಿ, ಆ ಹುಡುಗಾಟಿಕೆ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಹೋಯಿತು. ನಮ್ಮ ಊರಿನ ಹಾಲಿನವರು ಹ್ಯಾಂಡಲ್ಲಿನ ಎರಡೂ ಕಡೆ ಕ್ಯಾನು ತೂಗುಹಾಕಿಕೊಂಡು, ಬ್ರೇಕಿನ ಕಟ್ಟೆ ಸವೆದಿದ್ದರಿಂದ ಚಪ್ಪಲಿಯನ್ನು ಟೈರಿಗೆ ಒತ್ತಿ ಸೈಕಲ್ ನಿಲ್ಲಿಸುತ್ತಿದ್ದ ವಿದ್ಯೆಗೆ ಯಾವ ಸಮಿತಿಯೂ ಪದಕ ಕೊಡಲಿಲ್ಲ. ಡೇರಿಯವರು ಕೊಬ್ಬಿನಂಶ ಕಡಿಮೆಯಿದೆಯೆಂದು ದುಡ್ಡು ಮುರಿದುಕೊಳ್ಳುತ್ತಿದ್ದರು, ಅಷ್ಟೇ.

ಈ ಸವಾರರನ್ನು ನಾನು ದ್ವೇಷಿಸುತ್ತೇನೆಂದು ಯಾರೂ ತಿಳಿಯಬಾರದು. ಕಳೆದ ಸುಗ್ಗಿಯಲ್ಲಿ ಅವರು ನಮ್ಮವರಿಗೆ ದೊಡ್ಡ ಉಪಕಾರವನ್ನೇ ಮಾಡಿದರು. ಕಣ ಮಾಡಲು ಜಾಗವಿಲ್ಲದೆ ಡಾಂಬರು ರಸ್ತೆಯ ಮೇಲೆಯೇ ಹುರುಳಿ ಹರಡುವುದು ನಮ್ಮಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಅಪರಾಧ. ಬಸ್ಸು, ಲಾರಿಗಳು ಅದರ ಮೇಲೆ ಹರಿದು ಪುಕ್ಕಟೆ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಕಲ್ಲು, ಕೊರಕಲು, ಬೇರು ಎಲ್ಲವನ್ನೂ ನುಂಗುವ ಸಸ್ಪೆನ್ಷನ್ ಇರುವ ಎರಡು ಲಕ್ಷ ರೂಪಾಯಿಯ ಸೈಕಲ್ಲೊಂದು ಆ ಹುರುಳಿಕಾಳಿನ ಮೇಲೆ ಬಂದು, ಸವಾರನ ಸಮೇತ ಹತ್ತು ಅಡಿ ಜಾರಿ, ಒಣಹುಲ್ಲಿನ ಮೆದೆಯೊಳಗೆ ವಿಶ್ರಾಂತಿ ಪಡೆಯಿತು. ಅತ್ತೆ ಓಡಿಹೋಗಿ ಅವನನ್ನು ಎಬ್ಬಿಸಿ, ಮಜ್ಜಿಗೆ ಕುಡಿಸಿ, ಅವನ ಅಂಗಿಯಲ್ಲಿ ಸಿಕ್ಕಿಕೊಂಡಿದ್ದ ಹುರುಳಿಯನ್ನು ಕೊಡವಿ ಮರಳಿ ರಾಶಿಗೆ ಸೇರಿಸಿದರು.

ತಮಾಷೆ ಅವರದಲ್ಲ, ದಾರಿಯದು. ಗ್ರಾಮದ ನಕಾಶೆಯನ್ನು ಬಿಡಿಸಿ ನೋಡಿದವರಿಗೆ ಗೊತ್ತು: ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ. ಸರಪಳಿ ಹಿಡಿದು ಬಿಸಿಲಿನಲ್ಲಿ ನಡೆದ ಹಿಂದಿನ ಮೋಜಣಿದಾರರು ಒಂದು ದಾರಿಯನ್ನೂ ಬಿಡದೆ ಗುರುತು ಮಾಡಿಟ್ಟಿದ್ದಾರೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣವು ಸಾರ್ವಜನಿಕ ರಸ್ತೆ, ಓಣಿ, ದಾರಿಗಳೆಲ್ಲ ಸರ್ಕಾರದ ಸ್ವತ್ತೆಂದು ಸಾರುತ್ತದೆ. ಪಹಣಿಯಲ್ಲಿ ಈ ಜಾಗಕ್ಕೆ "ಬಿ ಖರಾಬು" ಎಂದು ಹೆಸರು. ಬೆಳೆ ಬೆಳೆಯಲು ಬಾರದ, ಊರಿಗೆಲ್ಲ ಸೇರಿದ ಜಾಗವನ್ನು ಖರಾಬು ಎಂದು ಕರೆದ ಪುಣ್ಯಾತ್ಮನಿಗೆ ಭವಿಷ್ಯ ಕಾಣುತ್ತಿದ್ದಿರಬೇಕು. ಅತ್ತೆಯ ಬಂಡಿದಾರಿಗೆ ಅಡ್ಡಲಾಗಿ ಈಗ ಏಳು ಅಡಿ ಎತ್ತರದ ಕಾಂಪೌಂಡು ಎದ್ದಿದೆ. ಆಚೆ ಬದಿಯಲ್ಲಿ ಕಮಾನು, ಕಮಾನಿನ ಮೇಲೆ ಯಾವುದೋ ಇಟಲಿಯ ಊರಿನ ಹೆಸರು, ಒಳಗೆ ಬಣ್ಣ ಬಳಿದ ಸೈಟುಗಲ್ಲುಗಳು. ಜೋಡಿ ಚುಕ್ಕೆಗೆರೆ ಆ ಗೋಡೆಯ ಒಳಕ್ಕೆ ಹೋಗಿ, ಕ್ಲಬ್ ಹೌಸ್ ಬರಲಿರುವ ಜಾಗವನ್ನು ದಾಟಿ ಮತ್ತೆ ಹೊರಗೆ ಬರುತ್ತದೆ, ನಕಾಶೆಯಲ್ಲಿ.

ಅತ್ತೆ ಅರ್ಜಿ ಕೊಟ್ಟರು. ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಶುಲ್ಕ ಕಟ್ಟಿದರು. ಭೂಮಾಪಕರು ಬರುವ ದಿನ ಮಳೆ ಬಂದಿತು, ಮಳೆ ನಿಂತ ದಿನ ಚುನಾವಣೆ ಬಂದಿತು, ಚುನಾವಣೆ ಮುಗಿದ ದಿನ ಅವರಿಗೆ ವರ್ಗವಾಯಿತು. ಹೊಸಬರು ಬಂದು, ಸ್ಥಳದಲ್ಲಿ ದಾರಿ ಕಂಡುಬರುವುದಿಲ್ಲವೆಂದು ವರದಿ ಬರೆದರು. ಗೋಡೆ ಕಟ್ಟಿರುವುದರಿಂದ ದಾರಿ ಕಾಣುವುದಿಲ್ಲ, ದಾರಿ ಕಾಣದಿರುವುದರಿಂದ ಗೋಡೆ ತೆಗೆಸಲಾಗುವುದಿಲ್ಲ. ತರ್ಕಶಾಸ್ತ್ರದ ಪಂಡಿತರು ಕಂದಾಯ ಇಲಾಖೆಯಲ್ಲಿ ಕೆಲವು ದಿನ ಪಾಠ ಹೇಳಿಸಿಕೊಳ್ಳಬಹುದು.

ಇತ್ತ ದಾರಿಗಳ ವಿಷಯದಲ್ಲಿ ಸರ್ಕಾರಕ್ಕೆ ಆಸಕ್ತಿಯೇ ಇಲ್ಲವೆಂದರೆ ಅನ್ಯಾಯವಾಗುತ್ತದೆ. ಪಕ್ಕದ ಸ್ಕಂದಗಿರಿ ಹತ್ತುವವರಿಗೆ ಆನ್‌ಲೈನಿನಲ್ಲಿ ಟಿಕೆಟ್ ಕೊಡುತ್ತಾರೆ. ನಂದಿಬೆಟ್ಟಕ್ಕೆ ರೋಪ್‌ವೇ ಹಾಕಲು 2023ರಲ್ಲಿ ಶಂಕುಸ್ಥಾಪನೆಯಾಯಿತು. ಬೆಂಗಳೂರಿನಲ್ಲಂತೂ 2020ರಲ್ಲಿ ಸಿಲ್ಕ್ ಬೋರ್ಡಿನಿಂದ ಹೊರವರ್ತುಲ ರಸ್ತೆಯುದ್ದಕ್ಕೂ ಸೈಕಲ್ ಪಥವನ್ನೇ ಮಾಡಿ, ಕಂಬ ನೆಟ್ಟು, ಆ ಕಂಬಗಳು ಒಂದೊಂದಾಗಿ ಮುರಿದು ಮಲಗುವುದನ್ನು ಶಾಂತಚಿತ್ತದಿಂದ ನೋಡಿದರು. ಟಿಕೆಟ್ ಹರಿಯಬಹುದಾದ ದಾರಿ, ಟೇಪು ಕತ್ತರಿಸಬಹುದಾದ ದಾರಿ, ಇವೆರಡು ಬಗೆಯ ದಾರಿಗಳು ಸರ್ಕಾರದ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ. ಹುಲ್ಲಿನ ಹೊರೆ ಮಾತ್ರ ಹೋಗುವ ದಾರಿಗೆ ಕನ್ನಡಕ ಸಾಲುತ್ತಿಲ್ಲ.

ಅತ್ತೆಯ ಮೊಮ್ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಪ್ರೌಢಶಾಲೆ ನಾಲ್ಕು ಕಿಲೋಮೀಟರ್ ದೂರ. ಅವಳ ಚಿಕ್ಕಮ್ಮ ಅದೇ ಶಾಲೆಗೆ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಹೋದವಳು. 2006-07ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬಂದ ಸೈಕಲ್ಲುಗಳ ಬಗ್ಗೆ ನಾವೆಲ್ಲ ಎಷ್ಟು ನಕ್ಕೆವು: ಪೆಡಲು ಕಳಚುತ್ತದೆ, ರಿಮ್ಮು ಸೊಟ್ಟಗಾಗುತ್ತದೆ, ಕಮಿಷನ್ ತಿಂದಿದ್ದಾರೆ ಎಂದು ನಾನೇ ಎರಡು ಅಂಕಣ ಬರೆದೆ. ಕೋವಿಡ್ ಬಂದಾಗ ವಿತರಣೆ ನಿಂತಿತು. ಕೋವಿಡ್ ಹೋಯಿತು. ಆಮೇಲೆ ಪ್ರತಿ ವರ್ಷ ಶಾಲೆ ತೆರೆಯುವಾಗ ಸೈಕಲ್ ಈ ಸಲವಾದರೂ ಬಂದೀತೇ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಒಳಪುಟದ ಮೂಲೆಯಲ್ಲಿ ಅಚ್ಚಾಗುತ್ತಾ ಬಂತು. ಸೊಟ್ಟ ರಿಮ್ಮಿನ ಸೈಕಲ್ಲಾದರೂ ಸಾಕಿತ್ತು. ಇದರಲ್ಲಿ ವಿಡಂಬನೆ ಮಾಡುವುದಕ್ಕೆ ಏನೂ ಇಲ್ಲ. ಹದಿನಾಲ್ಕು ವರ್ಷದ ಹುಡುಗಿ ದಿನಕ್ಕೆ ಎಂಟು ಕಿಲೋಮೀಟರ್ ನಡೆಯುತ್ತಾಳೆ, ಗೋಡೆ ಬಂದ ಮೇಲೆ ಇನ್ನೂ ಹೆಚ್ಚು, ಜಲ್ಲಿ ಟಿಪ್ಪರುಗಳು ಓಡಾಡುವ ರಸ್ತೆಯ ಅಂಚಿನಲ್ಲಿ. ಇದೇ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ 2021ರ ಫೆಬ್ರುವರಿಯಲ್ಲಿ ಕಲ್ಲುಗಣಿಯ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಒಂದು ವಾರ ಎಲ್ಲ ಮಂತ್ರಿಗಳಿಗೂ ದಾರಿ ಸಿಕ್ಕಿತು. ಟಿಪ್ಪರುಗಳ ದಾರಿಗೆ ಯಾರೂ ಗೋಡೆ ಕಟ್ಟಿಲ್ಲ, ಕಟ್ಟುವುದೂ ಇಲ್ಲ. ಬರೆದು ಬರೆದು ನನಗೂ ಸಾಕಾಗಿದೆ.

ಆ ಕಾಂಪೌಂಡು ಭಾನುವಾರದ ಸವಾರರ ಮೊಬೈಲಿಗೆ ಇನ್ನೂ ತಿಳಿದಿಲ್ಲ. ಕೆಂಪು ಗೆರೆ ನೇರವಾಗಿ ಗೋಡೆಯೊಳಕ್ಕೆ ಹೋಗುವುದರಿಂದ ಅವರೂ ಅಲ್ಲಿಯವರೆಗೆ ಬಂದು, ಒಬ್ಬ ಗೋಡೆ ಹತ್ತಿ ಕುಳಿತು, ಇನ್ನೊಬ್ಬ ಕೆಳಗಿನಿಂದ ಎತ್ತಿಕೊಟ್ಟು, ಸೈಕಲ್ಲುಗಳನ್ನು ಒಂದೊಂದಾಗಿ ಆಚೆಗೆ ಇಳಿಸುತ್ತಾರೆ. ಲೇಔಟಿನ ಕಾವಲುಗಾರನಿಗೆ ಹೆಲ್ಮೆಟ್ ಕಂಡರೆ ಗೌರವ. ಅವರೆಲ್ಲ ಸೈಟು ನೋಡಲು ಬಂದವರೆಂದು ಭಾವಿಸಿ ಸಲಾಮು ಹೊಡೆಯುತ್ತಾನೆ. ಇದನ್ನು ನಾಲ್ಕು ವಾರ ಗಮನಿಸಿದ ಅತ್ತೆ ಈಗ ಹುಲ್ಲು ಕೊಯ್ಯುವ ದಿನವನ್ನೇ ಭಾನುವಾರಕ್ಕೆ ಬದಲಾಯಿಸಿದ್ದಾರೆ. ಕಾರ್ಬನ್ ಫೈಬರಿನ ಸೈಕಲ್ಲುಗಳು ಆ ಕಡೆಗೆ ಹೋದ ಮೇಲೆ ಆ ಕಡೆಯಿಂದ ಎರಡು ಹೊರೆ ಹಸಿಹುಲ್ಲು ಈ ಕಡೆಗೆ ಬರುತ್ತದೆ. ಹುರುಳಿಯ ಮೇಲೆ ಜಾರಿಬಿದ್ದ ಹುಡುಗನೇ ಮುಂದೆ ನಿಂತು ಎತ್ತಿಕೊಡುತ್ತಾನೆ. ಅತ್ತೆ ಅವನಿಗೆಂದು ಮಜ್ಜಿಗೆ ತಂದಿರುತ್ತಾರೆ. ಸೋಮವಾರದಿಂದ ಶನಿವಾರದವರೆಗೆ ಅವರು ಸುತ್ತುದಾರಿಯಲ್ಲಿ ನಡೆಯುತ್ತಾರೆ.