ಸುಟ್ಟಷ್ಟೂ ಬೆಳೆಯುವ ಕಸ

ಕಸ ಸುಟ್ಟರೆ ಬೂದಿಯಾಗುತ್ತದೆ, ಬೂದಿ ಕಸಕ್ಕಿಂತ ಕಡಿಮೆ ಇರುತ್ತದೆ ಎಂದು ನಂಬಿಕೊಂಡು ಬೆಳೆದವನು ನಾನು. ಮಧ್ಯಪ್ರದೇಶ ಸರ್ಕಾರ ಆ ಮೂಢನಂಬಿಕೆ ಬಿಡಿಸಿತು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಅಂಗಳದಿಂದ ಇಂದೋರ್ ಬಳಿಯ ಪೀಥಂಪುರಕ್ಕೆ ಒಯ್ದು ಸುಟ್ಟ ವಿಷದ ಕಸ 337 ಟನ್. ಸುಟ್ಟ ಮೇಲೆ ಉಳಿದ ಬೂದಿ ಗೀದಿ ಎಲ್ಲ ಸೇರಿ 800 ಟನ್ನಿಗೂ ಮೇಲೆ. ಸುಡುವಾಗ ಸುಣ್ಣ, ಅದೂ ಇದೂ ಬೆರೆಸಬೇಕು, ತೂಕ ಏರುವುದು ಸಹಜ ಎನ್ನುತ್ತಾರೆ ತಿಳಿದವರು. ಇರಬಹುದು. ನನಗಂತೂ ಇದು ಶುದ್ಧ ಬಡ್ಡಿ ಲೆಕ್ಕದಂತೆ ಕಾಣುತ್ತದೆ. ನಲವತ್ತು ವರ್ಷ ಅಸಲು ಮುಟ್ಟದೆ ಇಟ್ಟರೆ ಯಾವ ಬ್ಯಾಂಕಿನಲ್ಲಾದರೂ ಇಷ್ಟು ಆಗಿಯೇ ಆಗುತ್ತದೆ.

ಆ ಕಸಕ್ಕೆ ಸಿಕ್ಕ ಬೀಳ್ಕೊಡುಗೆಯನ್ನೂ ನೆನೆಯಬೇಕು. 2025ರ ಜನವರಿ 1ರ ರಾತ್ರಿ. ಹನ್ನೆರಡು ಕಂಟೇನರ್ ಲಾರಿ, ಸುತ್ತ ಪೊಲೀಸ್ ಕಾವಲು, ಸುಮಾರು 250 ಕಿಲೋಮೀಟರ್ ಉದ್ದಕ್ಕೂ ಹಸಿರು ಕಾರಿಡಾರ್. ಮಿಡಿಯುವ ಹೃದಯವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ಯುವಾಗ ಮಾಡುವ ಏರ್ಪಾಟು ಅದು. 1984ರ ಡಿಸೆಂಬರ್ 2ರ ರಾತ್ರಿ ಆ ಕಾರ್ಖಾನೆಯಿಂದ ವಿಷಾನಿಲ ಸೋರಿದಾಗ ಕಣ್ಣು ಉರಿಯುತ್ತ, ಮಕ್ಕಳನ್ನು ಎತ್ತಿಕೊಂಡು ಓಡಿದವರಿಗೆ ಯಾರೂ ದಾರಿ ಬಿಡಿಸಿಕೊಡಲಿಲ್ಲ. ಎತ್ತ ಓಡಬೇಕೆಂದು ಹೇಳುವವರೂ ಇರಲಿಲ್ಲ. ಕಸದ ಯೋಗವೇ ಬೇರೆ.

ಆ ಕಸವನ್ನು ಚೀಲಕ್ಕೆ ತುಂಬಿದ ಕೆಲಸಗಾರರಿಗೆ ಅರ್ಧ ಗಂಟೆಯ ಪಾಳಿ. ಮೈತುಂಬ ಸುರಕ್ಷಾ ಉಡುಪು, ಮೂಗಿಗೆ ಮುಖವಾಡ, ಮೂವತ್ತು ನಿಮಿಷವಾಯಿತೋ ಹೊರಗೆ ಬಂದು ವಿಶ್ರಾಂತಿ. ಸರಿಯಾದ ಕ್ರಮವೇ, ಅದರಲ್ಲಿ ತಮಾಷೆಯಿಲ್ಲ. ತಮಾಷೆ ಇರುವುದು ಕಾರ್ಖಾನೆಯ ಗೋಡೆಯ ಆಚೆ. ಅಲ್ಲಿನ ಬಡಾವಣೆಗಳ ಜನ ವರ್ಷಾನುಗಟ್ಟಲೆ ಅದೇ ನೆಲದಡಿಯ ನೀರನ್ನು ಬೋರಿನಿಂದ ಜಗ್ಗಿ ಕುಡಿದರು. ಅವರಿಗೆ ಪಾಳಿಯೂ ಇಲ್ಲ, ಮುಖವಾಡವೂ ಇಲ್ಲ. 2009ರಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅಲ್ಲಿಗೆ ಹೋಗಿ ಆ ಕಸವನ್ನು ಅಂಗೈಯಲ್ಲಿ ಹಿಡಿದು, ನೋಡಿ, ನಾನಿನ್ನೂ ಬದುಕಿದ್ದೇನೆ, ಕೆಮ್ಮೂ ಬಂದಿಲ್ಲ ಎಂಬರ್ಥದ ಮಾತಾಡಿ ಬಂದರು. ಪ್ರಯೋಗಾಲಯಗಳಿಗೆ ಸುಮ್ಮನೆ ದುಡ್ಡು ಸುರಿಯುತ್ತೇವೆ. ಒಬ್ಬ ಸಚಿವರು, ಒಂದು ಅಂಗೈ, ವರದಿ ಸಿದ್ಧ.

ಈಗ ಕಸದ ವಾರಸುದಾರರ ವಿಚಾರ. ಹಿಂದೊಮ್ಮೆ ಬಾಡಿಗೆ ಮನೆ ಬಿಡುವಾಗ ಮಾಲೀಕರು ಟಾರ್ಚು ಹಿಡಿದು ಗೋಡೆ ಗೋಡೆ ತಡವಿ ಏಳು ಮೊಳೆ ತೂತು ಎಣಿಸಿದರು. ಅದರಲ್ಲಿ ಎರಡು ನನಗಿಂತ ಹಿಂದಿನವರದು ಅಂದೆ. ಕೇಳಲಿಲ್ಲ, ಸುಣ್ಣ ಬಣ್ಣದ ಬಾಬ್ತೆಂದು ಅಡ್ವಾನ್ಸಿನಲ್ಲಿ ಮುರಿದುಕೊಂಡೇ ಬಾಕಿ ಕೊಟ್ಟರು. ಆಗ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಆ ಮನುಷ್ಯ ಭೋಪಾಲದಲ್ಲಿ ಇರಬೇಕಿತ್ತು! ಯಾಕೆಂದರೆ ಅಲ್ಲಿ ಬಾಡಿಗೆದಾರ ನೆಲ, ನೀರು ಎರಡನ್ನೂ ಕೆಡಿಸಿ ಹೋದ. ಕಾರ್ಬೈಡ್ ತನ್ನ ಭಾರತದ ಪಾಲನ್ನು 1994ರಲ್ಲಿ ಮಾರಿ ಕೈತೊಳೆದುಕೊಂಡಿತು. 1998ರಲ್ಲಿ ಜಾಗ ರಾಜ್ಯ ಸರ್ಕಾರಕ್ಕೆ ವಾಪಸಾಯಿತು. ಮಾಲೀಕರು ಕೀಲಿಕೈ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು.

2001ರಲ್ಲಿ ಡೌ ಕೆಮಿಕಲ್ ಯೂನಿಯನ್ ಕಾರ್ಬೈಡನ್ನೇ ಕೊಂಡುಕೊಂಡಿತು. ಕೊಂಡ ಮೇಲೆ ಅದು ಹೇಳುತ್ತಿರುವುದು ಒಂದೇ ಮಾತು: ಆ ಕಾರ್ಖಾನೆ ಎಂದೂ ನಮ್ಮದಲ್ಲ, ಅದನ್ನು ನಾವು ನಡೆಸಿಯೂ ಇಲ್ಲ. ಸೊಸೆಯ ಮೈಮೇಲಿನ ಬಂಗಾರ ನಮ್ಮದು, ಅವಳ ತವರಿನ ಸಾಲ ಮಾತ್ರ ಯಾರದೋ ಏನೋ. ಅಮೆರಿಕದಲ್ಲಿ ಇದೇ ಕಾರ್ಬೈಡಿನ ಮೇಲಿದ್ದ ಆಸ್ಬೆಸ್ಟಾಸ್ ದಾವೆಗಳಿಗೆ ದುಡ್ಡು ಬಿಚ್ಚಲು ಮಾತ್ರ ಅಡ್ಡಿಯಾಗಲಿಲ್ಲ. ಸಾಲವೂ ಊರು ನೋಡಿಕೊಂಡು ಅಂಟುತ್ತದೆ.

ಹಾಗಂತ ಡೌ ಒಮ್ಮೆಯೂ ಹೊಣೆ ಹೊರಲಿಲ್ಲ ಎನ್ನುವುದು ಅನ್ಯಾಯವಾದೀತು. ಹೊತ್ತಿತ್ತು, ಇಪ್ಪತ್ತಮೂರು ನಿಮಿಷ. 2004ರ ಡಿಸೆಂಬರ್ 3, ದುರಂತಕ್ಕೆ ಇಪ್ಪತ್ತು ವರ್ಷ ತುಂಬಿದ ದಿನ. ಬಿಬಿಸಿಯಲ್ಲಿ ಡೌ ವಕ್ತಾರನೆಂದು ಕೂತ ಒಬ್ಬ ಠಾಕುಠೀಕು ಮನುಷ್ಯ, ಪೂರ್ತಿ ಹೊಣೆ ನಮ್ಮದೇ, 1,200 ಕೋಟಿ ಡಾಲರ್ ಕೊಡುತ್ತೇವೆ, ಜಾಗವನ್ನೂ ಶುದ್ಧ ಮಾಡುತ್ತೇವೆ ಎಂದುಬಿಟ್ಟ. ಅವನು ‘ಯೆಸ್ ಮೆನ್’ ಎಂಬ ಕಿಡಿಗೇಡಿ ತಂಡದವನು, ಡೌಗೂ ಅವನಿಗೂ ಸಂಬಂಧವೇ ಇರಲಿಲ್ಲ. ಇತ್ತ ಬಿಬಿಸಿ ತಪ್ಪು ತಿದ್ದಿಕೊಳ್ಳುವುದರೊಳಗೆ ಅತ್ತ ಫ್ರಾಂಕ್‌ಫರ್ಟ್ ಷೇರುಪೇಟೆಯಲ್ಲಿ ಇಪ್ಪತ್ತಮೂರು ನಿಮಿಷಕ್ಕೆ ಡೌ ಬೆಲೆ ಶೇಕಡಾ 4ರಷ್ಟು ಜಾರಿ, ಸುಮಾರು 200 ಕೋಟಿ ಡಾಲರ್ ಆವಿಯಾಯಿತು. ಸುದ್ದಿ ಸುಳ್ಳೆಂದು ಗೊತ್ತಾದದ್ದೇ ತಡ, ಬೆಲೆ ಮತ್ತೆ ಎದ್ದು ಕೂತಿತು. ಕಂಪನಿ ಒಳ್ಳೆಯದು ಮಾಡಿಬಿಟ್ಟಿತೇನೋ ಎಂದು ಹೆದರಿದ್ದ ಪೇಟೆಗೆ, ಪುಣ್ಯಕ್ಕೆ ಹಾಗೇನೂ ಆಗಿಲ್ಲವೆಂದು ತಿಳಿದು ಜೀವ ಬಂತು.

ಇನ್ನು ಖರ್ಚು. ‘ಕೆಡಿಸಿದವನೇ ತೆರಬೇಕು’ ಎಂಬ ತತ್ವ ನಮ್ಮಲ್ಲೂ ಇದೆ, ಸುಪ್ರೀಂ ಕೋರ್ಟ್ 1996ರಲ್ಲೇ ಎತ್ತಿ ಹಿಡಿದಿದೆ. ಭೋಪಾಲಕ್ಕೆ ಬರುವಷ್ಟರಲ್ಲಿ ಅದು ‘ಕೆಡಿಸಿದವನು ಪರಾರಿ, ಕೆಮ್ಮಿದವನು ಪಾವತಿ’ ಎಂದಾಯಿತು. ಕಸ ಸುಡಲು ಕೇಂದ್ರ ಸರ್ಕಾರ ಕೊಟ್ಟದ್ದು 126 ಕೋಟಿ ರೂಪಾಯಿ. ಅಂದರೆ ನಾವು ಕೊಟ್ಟದ್ದು. ಭೋಪಾಲದ ಮುದುಕಿಯೊಬ್ಬಳು ಕೆಮ್ಮಿನ ಔಷಧಿ ಕೊಳ್ಳುವಾಗ ತೆತ್ತ ತೆರಿಗೆಯೂ ಅದರಲ್ಲಿ ಸೇರಿದೆ.

ಕೂತು ಭಾಗಾಕಾರ ಮಾಡಿದೆ. ಕಿಲೋ ಕಸಕ್ಕೆ 3,700 ರೂಪಾಯಿ ಚಿಲ್ಲರೆ. 1989ರಲ್ಲಿ ಕಾರ್ಬೈಡ್ 47 ಕೋಟಿ ಡಾಲರಿಗೆ ಪರಿಹಾರದ ವ್ಯವಹಾರ ಮುಗಿಸಿದಾಗ ಬಹಳಷ್ಟು ಗಾಯಾಳುಗಳ ಪಾಲಿಗೆ ಮೊದಲು ಬಂದದ್ದು 25,000 ರೂಪಾಯಿ. ಶ್ವಾಸಕೋಶ ಸುಟ್ಟುಕೊಂಡ ಒಬ್ಬ ಮನುಷ್ಯನಿಗೆ ಕೊಟ್ಟ ದುಡ್ಡಿನಲ್ಲಿ ಏಳು ಕಿಲೋ ಕಸವನ್ನೂ ಸುಡಲಾಗುವುದಿಲ್ಲ. ಇದಕ್ಕೊಂದು ಕುಹಕ ಹೊಂದಿಸೋಣವೆಂದು ಬಹಳ ಹೊತ್ತು ಕೂತೆ. ಹೊಳೆಯಲಿಲ್ಲ. 2010ರಲ್ಲಿ ಕಂಪನಿಯ ಏಳು ಮಂದಿಗೆ ಎರಡೆರಡು ವರ್ಷ ಶಿಕ್ಷೆ, ಅದೇ ದಿನ ಜಾಮೀನು. ಹೆಚ್ಚಿನ ಪರಿಹಾರ ಕೊಡಿಸಿ ಎಂದು ಕೇಂದ್ರ ಹಾಕಿದ್ದ ಅರ್ಜಿ 2023ರಲ್ಲಿ ವಜಾ. ದುರಂತದ ಹೊತ್ತಿಗೆ ಕಾರ್ಬೈಡಿನ ಮುಖ್ಯಸ್ಥನಾಗಿದ್ದ ವಾರೆನ್ ಆ್ಯಂಡರ್ಸನ್ 2014ರಲ್ಲಿ ಅಮೆರಿಕದಲ್ಲೇ ವಯಸ್ಸಾಗಿ ತೀರಿಕೊಂಡ, ನಮ್ಮ ಕಟಕಟೆ ಹತ್ತಲೇ ಇಲ್ಲ. ಲಾರಿಗಳು ಬಂದ ಮೇಲೆ ಪೀಥಂಪುರದಲ್ಲಿ ಪ್ರತಿಭಟನೆ ನಡೆದು ಇಬ್ಬರು ಮೈಗೆ ಬೆಂಕಿ ಹಚ್ಚಿಕೊಂಡರು. ಕಸಕ್ಕಿಂತ ಮೊದಲು ಉರಿದದ್ದು ಮನುಷ್ಯರು.

ಹೋಗಲಿ, ಸ್ವಚ್ಛವಾದರೂ ಆಯಿತೇ? ಈ 337 ಟನ್ ಎಂದರೆ ಗುಡಿಸಿ ಶೆಡ್ಡಿನಲ್ಲಿ ಇಟ್ಟಿದ್ದ ಕಸ ಮಾತ್ರ. ನೆಲದಲ್ಲಿ ಇಳಿದದ್ದು ಅಲ್ಲೇ ಇದೆ. ಕೆಟ್ಟ ಮಣ್ಣೇ ಸುಮಾರು 11 ಲಕ್ಷ ಟನ್ ಎಂದು ಸರ್ಕಾರದ ಪರಿಸರ ಸಂಶೋಧನಾ ಸಂಸ್ಥೆಯಾದ ‘ನೀರಿ’ 2010ರಲ್ಲೇ ಅಂದಾಜು ಕೊಟ್ಟಿತ್ತು. ಅಷ್ಟನ್ನೂ ಇದೇ ಕ್ರಮದಲ್ಲಿ ಸುಟ್ಟರೆ ಎಷ್ಟು ಬೂದಿ ಆದೀತೆಂದು ಲೆಕ್ಕ ಹಾಕಲು ಧೈರ್ಯ ಬರಲಿಲ್ಲ.

ಸದ್ಯಕ್ಕೆ ಈ 800 ಟನ್ನಿನ ಚಿಂತೆಯೇ ಸಾಕು. ಬೂದಿಗೆ ಚೀಲ ಬೇಕು, ಚೀಲಕ್ಕೆ ಸೂರು ಬೇಕು, ಸೂರಿಗೆ ಬೀಗ ಬೇಕು. ಭೋಪಾಲದಲ್ಲಿ ಒಂದು ಶೆಡ್ಡು ಈಗ ತಾನೇ ಖಾಲಿಯಾಗಿದೆ.