ಅರ್ಧ ಕಿಲೋ ಕೋಲಿಗೆ ಮುಕ್ಕಾಲು ಟನ್ ಲೇತ್

ಸ್ನೂಕರ್ ಆಡುವ ಕ್ಯೂ, ಅಂದರೆ ಆ ನೀಳವಾದ ಕೋಲು, ತೂಕದಲ್ಲಿ ಅರ್ಧ ಕಿಲೋ ಆಸುಪಾಸು ಬರುತ್ತದೆ. ಉದ್ದ ಐದಡಿಗೆ ಎರಡು ಮೂರು ಅಂಗುಲ ಕಡಿಮೆ. ಚೆಂಡಿಗೆ ತಾಗುವ ತುದಿಯ ದಪ್ಪ 9ರಿಂದ 10 ಮಿಲಿಮೀಟರ್, ಕೈಯಲ್ಲಿ ಹಿಡಿಯುವ ಬುಡದ ದಪ್ಪ ಸುಮಾರು 29 ಮಿಲಿಮೀಟರ್. ಇಷ್ಟು ಹಗುರವಾದ ವಸ್ತುವೊಂದನ್ನು ತಯಾರಿಸಲು ಮುಕ್ಕಾಲು ಟನ್ ತೂಗುವ ಕಬ್ಬಿಣದ ಲೇತ್, ಅಂದರೆ ತಿರುಗಿಸಿ ಕಡೆಯುವ ಯಂತ್ರ, ಬೇಕೆಂಬುದನ್ನು ಕುಮಟಾ ತಾಲೂಕಿನ ನಮ್ಮ ಊರಿನವರಿಗೆ ಅರ್ಥ ಮಾಡಿಸುವುದಕ್ಕಿಂತ, ಅದೇ ಲೇತನ್ನು ಲಾರಿಗೆ ಹೇರಿ ಅರಬೈಲ್ ಘಟ್ಟ ಇಳಿಸುವುದು ಸುಲಭವಾಯಿತು.

ಮೊದಲ ಆಕ್ಷೇಪ ಅಪ್ಪಚ್ಚಿಯದು, ಅಂದರೆ ಚಿಕ್ಕಪ್ಪನದು. ಸ್ನೂಕರ್ ಎಂದರೆ ಕಾಲೇಜು ತಪ್ಪಿಸುವ ಪೋಲಿ ಹುಡುಗರ ಆಟ, ಅದೂ ಪರದೇಶದ್ದು ಎಂಬುದು ಅವರ ಖಚಿತ ಅಭಿಪ್ರಾಯ. ಈ ಆಟ ಹುಟ್ಟಿದ್ದು 1875ರಲ್ಲಿ, ನಮ್ಮದೇ ದೇಶದ ಜಬಲ್‌ಪುರದಲ್ಲಿ, ಅದರ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು 1882ರಲ್ಲಿ ಊಟಿಯ ಕ್ಲಬ್ಬಿನಲ್ಲಿ ಎಂದು ನಾನು ತಿಳಿಸಿದೆ. ಅಪ್ಪಚ್ಚಿ ಕವಳದ ಸಂಚಿಯನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಯೋಚಿಸಿ, ಹಾಗಿದ್ದರೆ ಬ್ರಿಟಿಷರು ಬಿಟ್ಟುಹೋದ ಕೋಲುಗಳೇ ಬೇಕಾದಷ್ಟು ಇರಬೇಕಲ್ಲ, ಹೊಸದು ಏಕೆ ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಹೇಳುವಷ್ಟು ಆರ್ಥಿಕ ವಿಚಾರ ನನಗೆ ತಿಳಿದಿಲ್ಲ.

ಮರದ ಕೆಲಸಕ್ಕೆ ಮರ ಕಡೆಯುವ ಸಾದಾ ಲೇತ್ ಸಾಲದೇ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಚನ್ನಪಟ್ಟಣದ ಆಟಿಕೆಗೆ, ಮಂಚದ ಕಾಲಿಗೆ ಅದು ಧಾರಾಳವಾಗಿ ಸಾಕು, ಏಕೆಂದರೆ ಅಲ್ಲಿ ಉಳಿಯನ್ನು ಕೈಯಲ್ಲೇ ಹಿಡಿದು ಕಣ್ಣಳತೆಯಲ್ಲಿ ಕಡೆಯುತ್ತಾರೆ. ಕ್ಯೂ ಎರಡು ತುಂಡಾಗಿದ್ದರೆ ನಡುವೆ ಹಿತ್ತಾಳೆಯ ತಿರುಪು ಜೋಡಣೆ ಇರುತ್ತದೆ. ಆ ತಿರುಪಿನ ರಂಧ್ರ ಕೋಲಿನ ನಡುರೇಖೆಯಿಂದ ಕೂದಲೆಳೆಯಷ್ಟು ವಾಲಿದರೂ ಮೇಜಿನ ಮೇಲೆ ಉರುಳಿಸಿದ ಕ್ಯೂ ನಡುವಿನಲ್ಲಿ ಎದ್ದು ಎದ್ದು ಕುಣಿಯುತ್ತದೆ, ಗಿರಾಕಿಯೂ ಎದ್ದು ಹೋಗುತ್ತಾನೆ. ಆದ್ದರಿಂದ ಉಳಿಯನ್ನು ಯಂತ್ರವೇ ಹಿಡಿದು, ಹಳಿಯ ಮೇಲೆ ಸಾಗುವ ಕ್ಯಾರೇಜ್ ಅದನ್ನು ಮಿಲಿಮೀಟರಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿ ಒಯ್ಯಬೇಕು.

ಇನ್ನು ಆಯ್ಕೆಯ ವಿಚಾರ. ಲೇತ್ ನೋಡಲು ಬರುವವರು ಸಾಮಾನ್ಯವಾಗಿ ಅದರ ಉದ್ದ ನೋಡುತ್ತಾರೆ, ತೂಕ ಕೇಳುತ್ತಾರೆ, ಮೋಟರಿನ ಎಚ್‌ಪಿ ವಿಚಾರಿಸುತ್ತಾರೆ. ಕ್ಯೂ ಮಾಡುವವನು ಮೊದಲು ಬಗ್ಗಿ ನೋಡಬೇಕಾದದ್ದು ಒಂದು ತೂತನ್ನು. ಲೇತಿನ ಒಂದು ತುದಿಯ ಪೆಟ್ಟಿಗೆಯೇ ಹೆಡ್‌ಸ್ಟಾಕ್; ಅದರೊಳಗೆ ತಿರುಗುವ ಸ್ಪಿಂಡಲ್ ಎಂಬ ದಂಡ ಟೊಳ್ಳಾಗಿರುತ್ತದೆ. ಕ್ಯೂವಿನ ಬುಡ ಅದರೊಳಗೆ ತೂರಿ ಹಿಂದಕ್ಕೆ ಹೋದರೆ ಮಾತ್ರ ಅದರ ತುದಿಯನ್ನು ಚಕ್ಕಿನ, ಅಂದರೆ ಕೋಲನ್ನು ಕಚ್ಚಿ ತಿರುಗಿಸುವ ಹಿಡಿತದ, ಸಮೀಪವೇ ಹಿಡಿದು ರಂಧ್ರ ಕೊರೆಯಬಹುದು. ಮೇಜಿನ ಮೇಲೆ ಇಟ್ಟುಕೊಳ್ಳುವ ಪುಟ್ಟ ಚೀನೀ ಲೇತುಗಳಲ್ಲಿ ಈ ತೂತು ಸಾಮಾನ್ಯವಾಗಿ 20 ಮಿಲಿಮೀಟರ್. ಅದರಲ್ಲಿ ಕ್ಯೂವಿನ ಮೂತಿ ಹೋಗುತ್ತದೆ, ಬುಡ ಹೋಗುವುದಿಲ್ಲ. ಪೂಲ್ ಆಟದ ಕ್ಯೂವಿನ ಬುಡ ಇನ್ನೂ ದಪ್ಪ, 32 ಮಿಲಿಮೀಟರಿನವರೆಗೂ ಬರುತ್ತದೆ. ಚಕ್ಕಿನ ಹಲ್ಲು ಮರಕ್ಕೆ ನಾಟದಂತೆ ನೈಲಾನಿನ ಕೊಳವೆಯೊಂದನ್ನು ಬೇರೆ ತೊಡಿಸಬೇಕು. ಹೀಗಾಗಿ 38 ಮಿಲಿಮೀಟರಿಗಿಂತ ಕಡಿಮೆಯ ತೂತಿನ ಲೇತನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಮಸ್ಕಾರ ಹೇಳಿ ಬರುವುದು ಒಳ್ಳೆಯದು.

ಈ ತೂತಿನ ಮಹಿಮೆಯನ್ನು ಹುಬ್ಬಳ್ಳಿಯ ಹಳೆ ಯಂತ್ರಗಳ ಅಂಗಡಿಯೊಂದರಲ್ಲಿ ಪ್ರಾತ್ಯಕ್ಷಿಕೆಯ ಸಮೇತ ತೋರಿಸಿದರು. ಸ್ಪಿಂಡಲ್ಲಿನ ತೂತು ನೇರವಾಗಿದೆಯೇ ಎಂದು ನಾನು ಕೇಳಿದ್ದೇ ತಡ, ಅಂಗಡಿಯ ಹುಡುಗ ಬೆರಳು ದಪ್ಪದ ಉದ್ದನೆಯ ಸರಳೊಂದನ್ನು ಅದರೊಳಗೆ ತೂರಿಸಿ, ಹಿಂದೆ ಮೂರು ಮೂರೂವರೆ ಅಡಿ ಜೋತುಬಿದ್ದಿರುವಾಗಲೇ ಮೇಲಿನ ಗೇರಿಗೆ ಹಾಕಿ ಗುಂಡಿ ಒತ್ತಿದ. ಆಧಾರವಿಲ್ಲದ ಉದ್ದ ಸರಳು ವೇಗವಾಗಿ ತಿರುಗಿದರೆ ನಡುಗಿ, ಬಾಗಿ, ಕೊನೆಗೆ ಲಂಬವಾಗಿ ಮಡಚಿಕೊಂಡು ಚಾಟಿಯಾಗುತ್ತದೆ ಎಂಬುದು ಟರ್ನರ್ ಕೆಲಸ ಕಲಿತವರಿಗೆಲ್ಲ ಗೊತ್ತು, ಹುಡುಗ ಕಲಿತಿರಲಿಲ್ಲ. ಸರಳು ಮೊದಲ ಸುತ್ತಿಗೆ ಕಿಟಕಿಯ ಮೇಲಿದ್ದ ಚಹಾದ ಗ್ಲಾಸುಗಳನ್ನೂ, ಎರಡನೆಯದಕ್ಕೆ ಗೋಡೆಯ ಕ್ಯಾಲೆಂಡರನ್ನೂ, ಮೂರನೆಯದಕ್ಕೆ ಮಾಲೀಕರ ಎಲೆಯಡಿಕೆಯ ಡಬ್ಬಿಯನ್ನೂ ಬೀದಿಗೆ ಕಳಿಸಿತು. ನಾವೆಲ್ಲ ನೆಲಕ್ಕೆ ಕುಕ್ಕರಿಸಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಯಂತ್ರ ನಿಂತ ಮೇಲೆ ಮಾಲೀಕರು ಅಂಗಿ ಕೊಡವಿಕೊಂಡು ಎದ್ದು, "ಏನೂ ಆಗಿಲ್ರೀ ಸರ್. ಮಷಿನ್ ಭಾಳ ಸ್ಟ್ರಾಂಗ್ ಐತಿ, ನೀವೇ ನೋಡಿದ್ರಲ್ಲ!" ಎಂದರು. ಕ್ಯೂವಿನ ಬುಡವೂ ಹೀಗೆಯೇ ಹಿಂದಕ್ಕೆ ಚಾಚಿಕೊಂಡಿರುವುದರಿಂದ ಸ್ಪಿಂಡಲ್ಲಿನ ಹಿಂಬದಿಗೂ ಒಂದು ಹಿಡಿತ ಬೇಕೇ ಬೇಕು.

ಅಲ್ಲಿಯೇ ಹೊಸ ಹಸಿರು ಬಣ್ಣ ಬಳಿದ ಇನ್ನೊಂದು ಲೇತ್ ಹೊಳೆಯುತ್ತಿತ್ತು. ಹಳೆ ಲೇತಿನ ಹಳಿ ಸವೆಯುವುದು ಹೆಚ್ಚಾಗಿ ಚಕ್ಕಿನ ಬಳಿ, ಏಕೆಂದರೆ ದಿನನಿತ್ಯದ ಕೆಲಸ ನಡೆಯುವುದು ಅಲ್ಲಿಯೇ. ಕ್ಯಾರೇಜನ್ನು ಚಕ್ಕಿನ ಹತ್ತಿರ ಅಲುಗದಂತೆ ಬಿಗಿಮಾಡಿ ಕೊನೆಯವರೆಗೆ ತಿರುಗಿಸಿಕೊಂಡು ಹೋದರೆ, ಸವೆದ ಯಂತ್ರ ನಡುದಾರಿಯಲ್ಲೇ ಸಿಕ್ಕಿಕೊಂಡು ಸತ್ಯ ನುಡಿಯುತ್ತದೆ. ಹಸಿರು ಸುಂದರಿ ಅರ್ಧ ದಾರಿಗೂ ಬರಲಿಲ್ಲ. ಪಕ್ಕದಲ್ಲಿ ಬಣ್ಣ ಸುಲಿದು ನಿಂತಿದ್ದ, ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತ್ ಒಂದೇ ಬಿಗಿಯಲ್ಲಿ ಕೊನೆ ಮುಟ್ಟಿತು. ಅಲ್ಲಿಗೆ ವ್ಯಾಪಾರ ಮುಗಿದಂತೆಯೇ ಆಗಿತ್ತು, ಅಡಿಲೆಕ್ಕದ ತಕರಾರೊಂದನ್ನು ಬಿಟ್ಟು.

ನಮ್ಮಲ್ಲಿ ಲೇತ್ ಮಾರುವುದು ಹಾಸಿನ, ಅಂದರೆ ಹಳಿಯಿರುವ ಅಡಿಪಾಯದ, ಉದ್ದದ ಮೇಲೆ. ಆರಡಿಯ ಲೇತ್ ಎಂದರೆ ಆರಡಿಯ ಕೋಲು ಹಿಡಿಯುತ್ತದೆ ಎಂದು ತಿಳಿದವರು ಬಹಳ. ಆ ಆರಡಿಯೊಳಗೇ ಹೆಡ್‌ಸ್ಟಾಕ್ ಕುಳಿತಿರುತ್ತದೆ, ಇನ್ನೊಂದು ತುದಿಗೆ ಆಸರೆಯಾಗುವ ಟೇಲ್‌ಸ್ಟಾಕ್ ಕುಳಿತಿರುತ್ತದೆ. ಕೆಲಸಕ್ಕೆ ಉಳಿಯುವುದು ಸುಮಾರು ಒಂದು ಮೀಟರ್. ನಾಲ್ಕೂವರೆ ಅಡಿಯದರಲ್ಲಿ 60 ಸೆಂಟಿಮೀಟರ್ ಆಸುಪಾಸು. ಸಮನಾಗಿ ಎರಡು ತುಂಡಾಗುವ ಕ್ಯೂವಿನ ಅರ್ಧಕ್ಕೇ 74 ಸೆಂಟಿಮೀಟರ್ ಬೇಕು. ಹೀಗಾಗಿ ಆರಡಿಗೆ ಒಪ್ಪಿದೆ. ಮನೆಯಲ್ಲಿ ಅತ್ತಿಗೆ ಟೇಪು ಹಿಡಿದು ಅಳೆದು, "ಆರಡಿ ಕೊಟ್ಟು ಮೂರಡಿ ತಂದಿದ್ದೆ" ಎಂದು ತೀರ್ಪಿತ್ತರು.

ಲೇತ್ ಇಳಿದದ್ದು ಹಳೆಯ ಕೊಟ್ಟಿಗೆಯಲ್ಲಿ. ಕೊಟ್ಟಿಗೆಯ ನೆಲ ಗಂಜಲ ಹರಿದು ಹೋಗಲೆಂದು ಕಾಲುವೆಯ ಕಡೆಗೆ ಇಳಿಜಾರಾಗಿರುತ್ತದೆ. ನಮ್ಮ ಹಿರಿಯರು ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದ್ದರೆಂಬುದು ರಸಮಟ್ಟ ಇಟ್ಟಾಗ ತಿಳಿಯಿತು. ಗುಳ್ಳೆ ಒಂದು ಮೂಲೆಗೆ ಓಡಿ ಅಲ್ಲಿಯೇ ನಿಂತುಬಿಟ್ಟಿತು. ಹಾಸು ತಿರುಚಿಕೊಂಡರೆ ಲೇತ್ ನೇರವಾಗಿ ಕಡೆಯಬೇಕಾದದ್ದನ್ನೂ ಒಂದು ಕಡೆ ಸಣ್ಣಗಾಗಿಸುತ್ತದೆ. ಕ್ಯೂ ಹೇಗೂ ಒಂದು ಕಡೆ ಸಣ್ಣದೇ ಅಲ್ಲವೇ, ಹಾಗೆಯೇ ಇರಲಿ ಎಂದು ಹಮಾಲರ ಮುಖಂಡ ಸೂಚಿಸಿದ. ಅವನ ತರ್ಕವನ್ನು ಮೆಚ್ಚಿ, ಕೂಲಿ ಕೊಟ್ಟು ಕಳಿಸಿ, ನೆಲಕ್ಕೆ ಹೊಸದಾಗಿ ಕಾಂಕ್ರೀಟ್ ಹಾಕಿಸಲಾಯಿತು.

ಕರೆಂಟಿನ ವಿಷಯಕ್ಕೂ ಅಪ್ಪಚ್ಚಿಯ ಬಳಿ ಪರಿಹಾರ ಸಿದ್ಧವಿತ್ತು. "ತಮಾ, ತೋಟದ ಪಂಪಿಗೆ ತ್ರೀ ಫೇಸ್ ಇದ್ದಲಾ, ಅಲ್ಲಿಂದ ಒಂದು ವಯರ್ ಎಳಕಂಡ್ರೆ ಆತು." ಕೃಷಿ ಪಂಪಿನ ಸಂಪರ್ಕವನ್ನು ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ ಪ್ರಕಾರ ದಂಡ ಬೀಳುತ್ತದೆ; ಅದಕ್ಕಿಂತ ಮುಖ್ಯವಾಗಿ, ಪಂಪಿಗೆ ತ್ರೀ ಫೇಸ್ ದಯಪಾಲಿಸುವ ಹೊತ್ತಿಗೆ ಕ್ಯೂ ಕಡೆಯಲು ಗೂಬೆಗಳನ್ನೇ ಕೆಲಸಕ್ಕೆ ಇಟ್ಟುಕೊಳ್ಳಬೇಕಾಗುತ್ತಿತ್ತು. ಎರಡು ಎಚ್‌ಪಿ ಮೋಟರಿಗೆ ವಿಎಫ್‌ಡಿ ಎಂಬ ಪೆಟ್ಟಿಗೆ ಜೋಡಿಸಿದರೆ ಸಿಂಗಲ್ ಫೇಸಿನಿಂದಲೇ ತ್ರೀ ಫೇಸ್ ಮೋಟರು ನಡೆಯುತ್ತದೆ, ವೇಗವನ್ನೂ ಬೇಕಾದಂತೆ ತಿರುಗಿಸಿಕೊಳ್ಳಬಹುದು.

ಮಳೆಗಾಲದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣ ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ, ಹಳಿಯ ಮೇಲೆ ಕುಳಿತ ಮರದ ಹುಡಿ ಎಣ್ಣೆ ಹೀರಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಪ್ರತಿ ಸಂಜೆ ಹುಡಿ ಒರೆಸಿ 68 ನಂಬರಿನ ಯಂತ್ರದ ಎಣ್ಣೆ ಸವರುವುದೇ ಮದ್ದು. ತೆಂಗಿನೆಣ್ಣೆಯ ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ.

ಇಷ್ಟೆಲ್ಲ ಆಗಿ ಯಂತ್ರ ತಿರುಗಲು ತೊಡಗಿದ ಮೇಲೆ ಊರಿನ ಆಚಾರ್ರು ನೋಡಲು ಬಂದರು. ಬೆಂಗಳೂರಿನಿಂದ ತರಿಸಿದ ಆ್ಯಶ್ ಮರದ ಚೌಕ ತುಂಡೊಂದನ್ನು ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, "ಹೆಗಡೇರೇ, ಇದ್ಕೆ ಮಷಿನ್ ಎಂತಕ್ಕೆ? ಕೀಸುಳಿ ಸಾಕಲ್ರಾ?" ಎಂದರು. ಅವರ ಮಾತು ಹುಸಿಯಲ್ಲ. ಇಂಗ್ಲೆಂಡಿನ ಹೆಸರಾಂತ ಸ್ನೂಕರ್ ಕ್ಯೂ ಕುಶಲಕರ್ಮಿಗಳು ಆ್ಯಶ್ ದಂಡವನ್ನು ಇಂದಿಗೂ ಕೈಯಿಂದಲೇ ಕೀಸುತ್ತಾರೆ. ಲೇತ್ ಬೇಕಾಗುವುದು ಜೋಡಣೆಗೆ, ತುದಿಯ ಹಿತ್ತಾಳೆಯ ಬಳೆಗೆ, ತೂಕ ಸೇರಿಸುವ ರಂಧ್ರಕ್ಕೆ. ಆಚಾರ್ರು ಮಾತಾಡುತ್ತಲೇ ಕೀಸುಳಿ ಹಿಡಿದು ಕುಳಿತರು. ಚೌಕ ಎಂಟು ಮೂಲೆಯಾಗಿ, ಎಂಟು ಹದಿನಾರಾಗಿ, ಸಂಜೆಯ ಹೊತ್ತಿಗೆ ಗುಂಡಾದ ಕೋಲಿನ ಮೇಲೆ ಆ್ಯಶಿನ ನಾರು ಒಂದರ ಮೇಲೊಂದು ಬಾಣದ ಮೊನೆಗಳಾಗಿ ಮೂಡಿತ್ತು. ಸ್ನೂಕರ್ ಮೇಜನ್ನು ಜನ್ಮದಲ್ಲಿ ಕಂಡಿರದ ಅವರು ಈಗ ದಂಡ ಕೀಸುತ್ತಾರೆ, ನಾನು ಲೇತಿನಲ್ಲಿ ಉಳಿದದ್ದನ್ನು ನೋಡಿಕೊಳ್ಳುತ್ತೇನೆ. ಕಳೆದ ವಾರ ಯಾರೋ ಅವರಿಗೆ ಮೊಬೈಲಿನಲ್ಲಿ ಇಂಗ್ಲೆಂಡಿನ ಕ್ಯೂಗಳ ದರ ತೋರಿಸಿದ್ದಾರೆ. ಮರುದಿನದಿಂದಲೇ ಆಚಾರ್ರ ದಿನಗೂಲಿ ಹೆಚ್ಚಾಗಿದೆ.